ಅಕ್ಕನ ಹೆಜ್ಜೆ, ನನ್ನ ಲೆಕ್ಕ

ಡಬ್ಲಿನ್ನಿನ ಪಶ್ಚಿಮಕ್ಕಿರುವ ಕ್ಯಾಸಲ್‌ನಾಕ್‌ನಲ್ಲಿ ನಾವು ಮನೆ ಮಾಡಿ ಹನ್ನೊಂದು ವರ್ಷವಾಯಿತು. ಮನೆಯಿಂದ ಹತ್ತು ನಿಮಿಷ ನಡೆದರೆ ಫೀನಿಕ್ಸ್ ಪಾರ್ಕಿನ ಗೇಟು. ಒಳಗೆ 700 ಹೆಕ್ಟೇರಿಗೂ ಮಿಕ್ಕಿದ ಬಯಲು, ಸಾಲುಮರ, ಜಿಂಕೆಗಳ ಹಿಂಡು. ಮಳೆ ಬರಲಿ, ಗಾಳಿ ಬೀಸಲಿ, ಇಲ್ಲಿನ ಹೆಂಗಸರು ಓಡುತ್ತಲೋ ಬಿರುಸಾಗಿ ನಡೆಯುತ್ತಲೋ ಇರುತ್ತಾರೆ. 1983ರಿಂದ ಡಬ್ಲಿನ್ನಿನಲ್ಲಿ ಮಹಿಳೆಯರ ಮಿನಿ ಮ್ಯಾರಥಾನ್ ನಡೆಯುತ್ತಿದೆ. ದೂರ 10 ಕಿಲೋಮೀಟರ್. ತೀರಿಕೊಂಡ ತಾಯಿಯದೋ ಗೆಳತಿಯದೋ ಫೋಟೊವನ್ನು ಅಂಗಿಯ ಮೇಲೆ ಅಂಟಿಸಿಕೊಂಡು ಬರುವವರೂ ಅದರಲ್ಲಿರುತ್ತಾರೆ. ಒಂದು ವರ್ಷ ರಸ್ತೆಬದಿಯಲ್ಲಿ ನಿಂತು ಅದನ್ನು ನೋಡಿ ಬಂದವನು, ಮರುದಿನವೇ ಸಾಗರದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ನಾಳೆಯಿಂದ ನೀನು ದಿನಾ ವಾಕಿಂಗ್ ಹೋಗಬೇಕು."

ನಾನು ಹಾಗೆ ಹೇಳಲು ಕಾರಣವಿತ್ತು. 1999ರಲ್ಲಿ, ನಾನು ಬೆಂಗಳೂರಿನಲ್ಲಿ ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ, ಅಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಎದೆಯಲ್ಲಿದ್ದ ಗಂಟನ್ನು ಅವಳು ಎಂಟು ತಿಂಗಳು ಮುಚ್ಚಿಟ್ಟಿದ್ದಳು. ಮರುವರ್ಷ ಹೋಗಿಬಿಟ್ಟಳು. ಆಗ ಅವಳಿಗೆ ನಲವತ್ತೆಂಟು. ಅಕ್ಕ ಈಗ ಆ ವಯಸ್ಸನ್ನು ಮುಟ್ಟಿದ್ದಾಳೆ.

ಹೇಳಿ ಸುಮ್ಮನಾಗಲಿಲ್ಲ ನಾನು. ಅಕ್ಕನ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಸಿದೆ. ಪ್ರತಿ ಭಾನುವಾರ ವಾರದ ಲೆಕ್ಕ ಕೇಳಿದೆ. ಅವಳು ಒಂದೊಂದೇ ಕಾರಣ ಕೊಟ್ಟಳು: ಬೆಳಿಗ್ಗೆ ತಿಂಡಿ, ಡಬ್ಬಿ, ಮಧ್ಯಾಹ್ನ ಅತ್ತೆಯ ಊಟ, ಔಷಧಿ, ಸಂಜೆ ಹೊರಟರೆ ಬೀದಿನಾಯಿ, ಅದನ್ನೂ ದಾಟಿದರೆ "ಎಲ್ಲಿಗೆ ಹೊರಟಿರಿ?" ಎಂದು ಗೇಟಿಗೊಬ್ಬರು ಕೇಳುತ್ತಾರೆ. ಆಡಿಟ್ಟಿನಲ್ಲಿ ಕ್ಲೈಂಟು ಕೊಡುವ ಸಬೂಬು ಕೇಳಿದ ಹಾಗೆ ಕೇಳಿಸಿಕೊಂಡು, ಮುಂದಿನ ವಾರ ಮತ್ತೆ ಅದೇ ಪ್ರಶ್ನೆ ಹಾಕುತ್ತಿದ್ದೆ.

ಒಂದು ಭಾನುವಾರ ಅವಳಿಗೆ ಸಿಟ್ಟು ಬಂತು. "ಅಮ್ಮ ಒಂದು ದಿನವಾದರೂ ಸುಮ್ಮನೆ ಕೂತಿದ್ದನ್ನು ನೋಡಿದ್ದೀಯೇನೋ? ಬಾವಿ ನೀರು, ಕೊಟ್ಟಿಗೆ, ಸುಗ್ಗಿಯಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿಯೋದು. ಅವಳಿಗೆ ಯಾಕೆ ಬಂತು? ನಾಳೆ ನನಗೆ ಬಂದರೆ ವಾಕಿಂಗ್ ಹೋಗದೆ ಬಂತು ಅಂತ ಬರೆದುಕೊಳ್ತೀಯಾ?"

ನನ್ನ ಬಳಿ ಉತ್ತರವಿರಲಿಲ್ಲ. ಒಳ್ಳೆಯದಕ್ಕೆಂದೇ ಹೇಳಿದ ಮಾತು ಯಾವಾಗ ಆರೋಪವಾಗುತ್ತದೆ? "ಹೀಗೆ ಮಾಡಿದರೆ ಅಪಾಯ ಕಡಿಮೆ" ಎನ್ನುವ ಮಾತಿನ ಬೆನ್ನಿಗೇ "ಮಾಡದಿದ್ದರೆ ತಪ್ಪು ನಿನ್ನದು" ಎನ್ನುವುದೂ ಅಂಟಿಕೊಂಡೇ ಬರುತ್ತದೆಯೇ? ಹಿಂದಿನವರು ಕಾಯಿಲೆ ಬಿದ್ದವರಿಗೆ ಪೂರ್ವಜನ್ಮದ ಕರ್ಮ ಎನ್ನುತ್ತಿದ್ದರು. ನಾವು ಅದನ್ನು ಮೂಢನಂಬಿಕೆ ಎಂದು ಬಿಟ್ಟು, ಅದೇ ಮಾತನ್ನು ಹೆಜ್ಜೆಯ ಲೆಕ್ಕದಲ್ಲಿ ಹೇಳುತ್ತಿದ್ದೇವೆಯೇ?

ನನಗೆ ಗೊತ್ತಿರುವುದು ಲೆಕ್ಕ. ಹಾಗಾಗಿ ಅದನ್ನೇ ಹಿಡಿದು ಕೂತೆ. ತಾಯಿಗೋ ಅಕ್ಕತಂಗಿಗೋ ಸ್ತನ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಆದರೆ ಈ ಕಾಯಿಲೆ ಬಂದ ಹೆಚ್ಚಿನವರಿಗೆ ಅಂಥ ಹತ್ತಿರದ ಕುಟುಂಬ ಇತಿಹಾಸವೇ ಇರುವುದಿಲ್ಲ. ಕುಟುಂಬದಲ್ಲಿ ಕಾಯಿಲೆಯಿದ್ದ 15,000ಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅತಿ ಹೆಚ್ಚು ವ್ಯಾಯಾಮ ಮಾಡುತ್ತಿದ್ದವರಲ್ಲಿ ಅಪಾಯ, ಅತಿ ಕಡಿಮೆ ಮಾಡುತ್ತಿದ್ದವರಿಗಿಂತ ಸುಮಾರು ಶೇ. 20ರಷ್ಟು ಕಡಿಮೆ ಎಂದು ಅದು ಕಂಡುಕೊಂಡಿತು.

ಶೇ. 20 ಎಂದರೆ ಏನು? ಅರ್ಥವಾಗಲೆಂದು ಒಂದು ಕಲ್ಪಿತ ಲೆಕ್ಕ ಹಾಕೋಣ. ಅಕ್ಕನಂಥ ನೂರು ಮಂದಿಯಲ್ಲಿ, ಯಾರೂ ವ್ಯಾಯಾಮ ಮಾಡದಿದ್ದರೆ, ಹದಿನೈದು ಮಂದಿಗೆ ಕಾಯಿಲೆ ಬರುತ್ತದೆ ಎಂದುಕೊಳ್ಳಿ. ನೂರೂ ಮಂದಿ ನಡೆದರೆ ಆ ಹದಿನೈದು ಹನ್ನೆರಡಾಗುತ್ತದೆ. ಮೂವರು ಉಳಿದುಕೊಂಡರು. ಆ ಮೂವರು ಯಾರೆಂದು ಯಾರಿಗೂ, ಅವರಿಗೂ ತಿಳಿಯುವುದಿಲ್ಲ. ಹನ್ನೆರಡು ಮಂದಿಗೆ ನಡೆದೂ ಬಂತು. ಎಂಬತ್ತೈದು ಮಂದಿಗೆ ನಡೆಯದಿದ್ದರೂ ಬರುತ್ತಿರಲಿಲ್ಲ.

ಮೂರು ಜೀವ ಸಣ್ಣ ಸಂಖ್ಯೆಯಲ್ಲ. ಅದಕ್ಕಾಗಿ ನೂರು ಮಂದಿಯೂ ನಡೆಯಬೇಕು. ಆದರೆ ಕಾಯಿಲೆ ಬಿದ್ದ ಒಬ್ಬಳ ಮುಂದೆ ನಿಂತು "ನೀನು ನಡೆಯದೆ ಬಂತು" ಎನ್ನಲು ಈ ಲೆಕ್ಕದಲ್ಲಿ ಯಾವ ಆಧಾರವೂ ಇಲ್ಲ. ನಮ್ಮ ವೃತ್ತಿಯಲ್ಲಿ ಕಂಟಿಂಜೆಂಟ್ ಲಯಬಿಲಿಟಿ ಎನ್ನುತ್ತೇವೆ: ಬಂದರೂ ಬರಬಹುದಾದ ಹೊಣೆ. ಅದನ್ನು ಸಾಲವೆಂದು ಬ್ಯಾಲೆನ್ಸ್ ಶೀಟಿಗೆ ಏರಿಸುವಂತಿಲ್ಲ, ಮುಚ್ಚಿಡುವಂತೆಯೂ ಇಲ್ಲ. ಕೆಳಗೆ ಟಿಪ್ಪಣಿಯಲ್ಲಿ ತಿಳಿಸಬೇಕು. ಅಮ್ಮ ಮುಚ್ಚಿಟ್ಟಳು. ನಾನು ಅಕ್ಕನ ಹೆಸರಿಗೆ ಸಾಲವೆಂದೇ ಬರೆದೆ.

ಇನ್ನೊಂದು ವಿಷಯ ಅಷ್ಟರವರೆಗೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಈ ಅಪಾಯ ಹೆಚ್ಚಿಸುವ ವಂಶವಾಹಿ ಹೆಣ್ಣಿನಿಂದ ಹೆಣ್ಣಿಗೆ ಮಾತ್ರ ಇಳಿಯುವುದಲ್ಲ. ಅಮ್ಮನಲ್ಲಿ ಅದು ಇದ್ದಿದ್ದರೆ ನನಗೂ ಬಂದಿರಬಹುದು, ನನ್ನಿಂದ ಹದಿನೈದರ ಮಗಳಿಗೂ. ಸೋಫಾದಲ್ಲಿ ಕೂತು ಅಕ್ಕನ ಹೆಜ್ಜೆ ಎಣಿಸುತ್ತಿದ್ದ ನನಗೆ ಇದು ಹೆಂಗಸರ ಪಾಡು ಎನಿಸಿತ್ತು.

ಮುಂದಿನ ಫೋನು ಭಾವನಿಗೆ. ಅಕ್ಕನಿಗೆ ನೂರು ಸಲ ಹೇಳುವುದು ಸುಲಭವಾಗಿತ್ತು. "ಭಾವ, ಸಂಜೆಯ ಚಹಾ ನೀವೇ ಮಾಡಿಕೊಳ್ಳಿ, ಅತ್ತೆಯವರನ್ನೂ ಒಂದು ಗಂಟೆ ನೋಡಿಕೊಳ್ಳಿ" ಎನ್ನಲು ಗಂಟಲು ಮೂರು ಸಲ ಕಟ್ಟಿತು. ನಡೆಯಿರಿ ಎಂದು ಹೆಂಗಸರಿಗೆ ಉಪದೇಶ ಮಾಡುವ ನಾವು, ಆ ಹೊತ್ತನ್ನು ಎಲ್ಲಿಂದ ತರಬೇಕೆಂದು ಹೇಳುವುದಿಲ್ಲ. ಅದು ಹೆಚ್ಚಾಗಿ ಗಂಡಸರ ಖಾತೆಯಿಂದ ಬರಬೇಕಾದ್ದು.

ಈಗ ನನ್ನ ಮಧ್ಯಾಹ್ನದ ಬಿಡುವು ಅಕ್ಕನ ಸಂಜೆ. ನಾನು ಫೀನಿಕ್ಸ್ ಪಾರ್ಕಿನಲ್ಲಿ, ಅವಳು ಗಣಪತಿ ಕೆರೆಯ ಕಡೆ, ಕಿವಿಗೆ ಫೋನು ಸಿಕ್ಕಿಸಿಕೊಂಡು ನಡೆಯುತ್ತೇವೆ. ಎಷ್ಟು ಹೆಜ್ಜೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ವಾರಕ್ಕೆ ಕಡೇಪಕ್ಷ 150 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲವು ವಾರ ಆಗುತ್ತದೆ, ಕೆಲವು ವಾರ ಇಲ್ಲ. ನಡಿಗೆ ತಪಾಸಣೆಗೆ ಬದಲಿಯಲ್ಲ. ಇಲ್ಲಿ 50ರಿಂದ 69 ವರ್ಷದ ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ ಉಚಿತ ಮ್ಯಾಮೊಗ್ರಾಮ್‌ಗೆ ಕರೆಪತ್ರ ಮನೆಗೇ ಬರುತ್ತದೆ. ಅಕ್ಕ ತಾನಾಗಿಯೇ ವೈದ್ಯರ ಹತ್ತಿರ ಹೋಗಿ ಅಮ್ಮನ ವಿಷಯ ಹೇಳಿ, ಪರೀಕ್ಷೆ ಮಾಡಿಸಿಕೊಂಡು ಬಂದಳು.

ಹೋದ ನವೆಂಬರಿನಲ್ಲಿ, ಹೀಗೆ ನಡೆಯುತ್ತಿರುವಾಗ, ಅವಳು ಇದ್ದಕ್ಕಿದ್ದಂತೆ ಹೇಳಿದಳು: "ಆ ಗಂಟಿನ ವಿಷಯ ಅಮ್ಮ ನನಗೆ ಹೇಳಿದ್ದಳು ಕಣೋ. ಆಗ ನನ್ನ ಮದುವೆ ಗೊತ್ತಾಗಿತ್ತಲ್ಲ. ಮದುವೆ ಮುಗಿಯೋವರೆಗೆ ಯಾರಿಗೂ ಹೇಳಬೇಡ ಅಂದಿದ್ದಳು."

ಇಪ್ಪತ್ತೈದು ವರ್ಷ ಅವಳು ಹೊತ್ತುಕೊಂಡು ತಿರುಗಿದ್ದು ಇದನ್ನು. ಅದರ ಮೇಲೆ ನಾನು ಪ್ರತಿ ಭಾನುವಾರ ಹೆಜ್ಜೆಯ ಲೆಕ್ಕ ಕೇಳಿದ್ದೆ.

"ಆಗ ನಿನಗೆ ಇಪ್ಪತ್ತಮೂರು, ಅಕ್ಕ" ಎಂದೆ. ಅವಳು ಏನೂ ಹೇಳಲಿಲ್ಲ. ಕೆರೆ ಏರಿಯ ಮೇಲೆ ಅವಳ ಉಸಿರು ಕೇಳುತ್ತಿತ್ತು. ಆ ದಿನ ಇಬ್ಬರೂ ಇನ್ನೊಂದು ಸುತ್ತು ಹೆಚ್ಚಿಗೆ ನಡೆದೆವು.