ಚಪ್ಪಲಿ ಜೊತೆ ಬುದ್ಧಿಯನ್ನೂ ಹೊರಗೆ ಬಿಡಬೇಕಾ?

ಇವತ್ತಿನ ಧ್ಯಾನಕ್ಕೆ ಮತ್ತಾಯ 22:37 ಮತ್ತು ಕೊಲೊಸ್ಸೆ 1:17 ತೆಗೆದಿಟ್ಟುಕೊಳ್ಳಿ.

ನಮ್ಮ ಯೌವನಸ್ಥರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳ್ತಾರೆ: "ಪಾಸ್ಟರ್, ವಾರವೆಲ್ಲಾ ಲ್ಯಾಬಲ್ಲಿ, ಆಫೀಸಲ್ಲಿ ಡೇಟಾ ಇಲ್ಲದೆ ಏನನ್ನೂ ಒಪ್ಪಬೇಡ ಅಂತಾರೆ. ಭಾನುವಾರ ಇಲ್ಲಿ ಕೈ ಎತ್ತಿ ಆರಾಧಿಸ್ತೀನಿ. ನಾನು ಇಬ್ಬರಾಗಿ ಬದುಕ್ತಾ ಇದ್ದೀನಾ?" ಪ್ರಿಯರೇ, ಇದು ಅಪನಂಬಿಕೆಯ ಪ್ರಶ್ನೆಯಲ್ಲ. ಹೃದಯ, ಪ್ರಾಣಗಳ ಜೊತೆಗೆ ಬುದ್ಧಿಯಿಂದಲೂ ದೇವರನ್ನು ಪ್ರೀತಿಸಬೇಕು ಅಂತ ಕರ್ತನೇ ಹೇಳಿದ್ದಾನೆ. ಚಪ್ಪಲಿ ಹೊರಗೆ ಬಿಡಿ, ಬುದ್ಧಿಯನ್ನು ಒಳಗೆ ತನ್ನಿ.

ಇಲ್ಲಿ ಎರಡು ಸುಲಭದ ದಾರಿಗಳಿವೆ. ಒಂದು, ವಿಜ್ಞಾನ ಬೇರೆ, ದೇವರು ಬೇರೆ ಅಂತ ಎರಡು ಡಬ್ಬಿ ಮಾಡಿಡುವುದು. ಇನ್ನೊಂದು, "ವಿಜ್ಞಾನಿಗಳೇ ಬೈಬಲನ್ನು ಸಾಬೀತು ಮಾಡಿದರು" ಅನ್ನೋ ವಾಟ್ಸಾಪ್ ಫಾರ್ವರ್ಡ್. ಮುಂದಿನ ವರ್ಷ ಆ ಸಿದ್ಧಾಂತ ಬದಲಾದರೆ ನಿನ್ನ ನಂಬಿಕೆಯ ಗತಿ ಏನು?

ಬ್ಲೇಸ್ ಪಾಸ್ಕಲ್ ಹೆಸರು ಫಿಸಿಕ್ಸ್ ಪುಸ್ತಕದಲ್ಲಿ ಓದಿದ್ದೀರಿ. ಒತ್ತಡದ ಮಾನಕ್ಕೆ ಅವನದೇ ಹೆಸರು. 1648ರಲ್ಲಿ ಫ್ರಾನ್ಸ್‌ನ ಪ್ಯುಯಿ ದ ಡೋಮ್ ಎಂಬ ಬೆಟ್ಟಕ್ಕೆ ಪಾದರಸದ ಕೊಳವೆಯನ್ನು ತೆಗೆದುಕೊಂಡು ಹೋಗುವಂತೆ ಅವನು ತನ್ನ ಭಾವನಿಗೆ ಹೇಳಿದ. ಮೇಲೆ ಹೋದಂತೆ ಪಾದರಸ ಇಳಿಯಿತು, ಯಾಕಂದರೆ ಅಲ್ಲಿ ಮೇಲಿನ ಗಾಳಿಯ ಭಾರ ಕಡಿಮೆ. ಆದರೆ ಇನ್ನೊಂದು ಕೊಳವೆಯನ್ನು ಊರಲ್ಲೇ ಇಟ್ಟಿದ್ದರು. ಒಬ್ಬ ಸನ್ಯಾಸಿ ಇಡೀ ದಿನ ಅದನ್ನು ನೋಡ್ತಾ ಕೂತ. ಅದು ಬದಲಾಗಲಿಲ್ಲ. ಆ ಕೆಳಗಿನ ಕೊಳವೆ ಇಲ್ಲದಿದ್ದರೆ, ಹವಾಮಾನ ಬದಲಾಗಿ ಪಾದರಸ ಇಳಿಯಿತೋ ಏನೋ ಅಂತ ಸಂಶಯ ಉಳಿಯುತ್ತಿತ್ತು.

ಅದೇ ಮನುಷ್ಯನಿಗೆ 1654ರ ನವೆಂಬರ್ 23ರ ರಾತ್ರಿ, ಸುಮಾರು ಎರಡು ಗಂಟೆ ಕಾಲ, ದೇವರ ಪ್ರಸನ್ನತೆ ಬೆಂಕಿಯ ಹಾಗೆ ಅನುಭವಕ್ಕೆ ಬಂತು. ತತ್ವಜ್ಞಾನಿಗಳ ವಾದದಲ್ಲಿ ಸಿಗುವ ದೇವರಲ್ಲ, ಅಬ್ರಹಾಮ, ಇಸಾಕ, ಯಾಕೋಬರ ಜೊತೆ ಮಾತಾಡಿದ ದೇವರು ತನಗೆ ಸಿಕ್ಕಿದ್ದಾನೆ ಅಂತ ಬರೆದು, ಕೋಟಿನೊಳಗೆ ಹೊಲಿದಿಟ್ಟುಕೊಂಡ. 1662ರಲ್ಲಿ, 39ನೇ ವಯಸ್ಸಿನಲ್ಲಿ ಅವನು ತೀರಿಕೊಂಡ ಮೇಲೆಯೇ ಅದು ಸಿಕ್ಕಿತು. ಹಲ್ಲೆಲೂಯಾ!

ಈಗ ಕೇಳಿ. ಬೆಂಕಿ ಬಿದ್ದ ಮೇಲೆ ಅವನು ಲೆಕ್ಕವನ್ನು ಬಿಸಾಡಲಿಲ್ಲ. 1658ರಲ್ಲಿ ಮತ್ತೆ ಕಠಿಣ ಗಣಿತ ಮಾಡಿದ. ಸಾಯುವ ವರ್ಷ ಪ್ಯಾರಿಸ್‌ನಲ್ಲಿ, ಗೊತ್ತಾದ ರೂಟಿನಲ್ಲಿ ಕಡಿಮೆ ದರಕ್ಕೆ ಓಡುವ ಕುದುರೆ ಗಾಡಿಗಳನ್ನು ಶುರುಮಾಡಿಸಿದ. ನಮ್ಮ ಸಿಟಿ ಬಸ್ಸಿಗೆ ಅಜ್ಜ ಅನ್ನಿ! ಅದರಿಂದ ತನಗೆ ಬರುವ ಹಣ ಬಡವರಿಗೆ ಹೋಗಬೇಕು ಅಂತ ಆಸೆಪಟ್ಟ.

ಅವನ ತಿಳುವಳಿಕೆ ಹೀಗಿತ್ತು: ದೇಹದ್ದು ಒಂದು ಅಂತಸ್ತು, ಬುದ್ಧಿಯದ್ದು ಇನ್ನೊಂದು, ಪ್ರೀತಿಯದ್ದು ಮೂರನೆಯದು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯೋಕಾಗಲ್ಲ. ಬೆಟ್ಟದ ಎತ್ತರಕ್ಕೆ ಬ್ಯಾರೋಮೀಟರ್ ಸಾಕು; ತಾಯಿಯ ಪ್ರೀತಿಗೆ ಸಾಲದು. ಹಾಗಾದರೆ ಇವು ಒಂದಾಗುವುದು ಎಲ್ಲಿ? ಕೊಲೊಸ್ಸೆ 1:17ರ ಪ್ರಕಾರ ಸಮಸ್ತಕ್ಕೂ ಆಧಾರ ಕ್ರಿಸ್ತನೇ. ಒಂದು ಸೂತ್ರದಲ್ಲಿ ಅಲ್ಲ, ಒಬ್ಬ ವ್ಯಕ್ತಿಯಲ್ಲಿ. ಎಲ್ಲಾ ಸತ್ಯವೂ ಆತನದೇ ಆದರೆ, ಯಾವ ಸತ್ಯಕ್ಕೂ ನಾವು ಹೆದರಬೇಕಾಗಿಲ್ಲ.

ಇದು ಬರೀ ಥಿಯರಿ ಅಲ್ಲ. ನಮ್ಮಂಥ ಸಭೆಗಳಲ್ಲಿ ಇದು ಜೀವದ ವಿಷಯ. ಟೈಪ್ 1 ಡಯಾಬಿಟಿಸ್ ಇರುವ ಒಬ್ಬ ತಂಗಿ ಪ್ರಾರ್ಥನೆ ಮಾಡಿಸಿಕೊಂಡಳು ಅಂತಿಟ್ಟುಕೊಳ್ಳಿ. ಯಾರೋ ಹೇಳ್ತಾರೆ, "ನಂಬಿಕೆ ಇದ್ದರೆ ಇನ್ಸುಲಿನ್ ನಿಲ್ಲಿಸು." ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ದೇವರು ಸ್ವಸ್ಥಮಾಡುತ್ತಾನೆ, ಅದನ್ನು ಪೂರ್ಣ ಮನಸ್ಸಿನಿಂದ ನಂಬ್ತೀನಿ. ಆದರೆ ತಂಗೀ, ಸ್ವಸ್ಥತೆ ಆಗಿದ್ದರೆ ಟೆಸ್ಟಿನಲ್ಲೂ ಕಾಣಿಸುತ್ತೆ. ಡಾಕ್ಟರ್ ನೋಡಿ ಹೇಳಲಿ, ಆಮೇಲೆ ಸಾಕ್ಷಿ ಹೇಳೋಣ. ಕೆಳಗಿನ ಕೊಳವೆಯನ್ನು ಒಡೆಯಬೇಡ.

ಸಕ್ಕರೆ ಇಳಿಯದಿದ್ದರೆ? ದೇವರು ನಿನ್ನನ್ನು ಕೈಬಿಟ್ಟನು ಅಂತ ಆ ರಿಪೋರ್ಟ್ ಹೇಳೋಕಾಗಲ್ಲ. ಅದು ಅದರ ಅಂತಸ್ತಿನ ಮಾತಲ್ಲ. "ನಿನ್ನ ನಂಬಿಕೆ ಸಾಲದು" ಅಂತ ಹೇಳುವ ಅಧಿಕಾರ ನಮಗೂ ಇಲ್ಲ. ನಮ್ಮ ಪಾಲಿನ ಕೆಲಸ ಮೂರನೇ ಅಂತಸ್ತಿನದು: ಪ್ರಾರ್ಥನೆ ನಿಲ್ಲಿಸದಿರುವುದು, ಅವಳ ಜೊತೆ ಆಸ್ಪತ್ರೆಗೆ ಹೋಗುವುದು, ಔಷಧಿಗೆ ದುಡ್ಡಿಲ್ಲದಿದ್ದರೆ ಕೊಡುವುದು.

ಈ ವಾರ ಒಂದು ಕೆಲಸ ಮಾಡಿ. ನಿಮ್ಮನ್ನು ಕಾಡುವ ಪ್ರಶ್ನೆಯನ್ನು ಬರೆಯಿರಿ. ಅದು ಅಳೆಯುವ ಪ್ರಶ್ನೆಯಾ, ಯೋಚಿಸುವ ಪ್ರಶ್ನೆಯಾ, ಪ್ರೀತಿಸುವ ಪ್ರಶ್ನೆಯಾ ಅಂತ ನೋಡಿ, ಹಾಗೇ ಕರ್ತನ ಮುಂದೆ ಇಡಿ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ತಂದೆಯೇ, ಈ ಮಕ್ಕಳ ಹೃದಯಕ್ಕೆ ನಿಮ್ಮ ಬೆಂಕಿಯನ್ನೂ, ಬುದ್ಧಿಗೆ ನಿಮ್ಮ ಬೆಳಕನ್ನೂ, ಕೈಗಳಿಗೆ ನಿಮ್ಮ ಪ್ರೀತಿಯನ್ನೂ ಕೊಡಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.