ಅಭಿಮಾನಿಯ ಸಾಕ್ಷ್ಯ

ಫುಟ್ಬಾಲ್ ಪ್ರೇಮಿಗಳು ಒಂದೆಡೆ ಸೇರಿದರೆ ಎಂದೂ ಬಗೆಹರಿಯದ ವಾದವೊಂದು ಶುರುವಾಗುತ್ತದೆ. ಇದುವರೆಗೆ ಲೀಗ್‌ನಲ್ಲಿ ಆಡಿದ ತಂಡಗಳಲ್ಲೆಲ್ಲ ಶ್ರೇಷ್ಠವಾದದ್ದು ಯಾವುದು? ನಮ್ಮ ಊರುಗಳ ಯುವಕರು ಇಂದು ಈ ವಾದವನ್ನು ಮ್ಯಾಂಚೆಸ್ಟರ್, ಬಾರ್ಸಿಲೋನಾಗಳ ಹೆಸರಿನಲ್ಲಿ ಮಾಡುತ್ತಾರೆ. ಟಿ.ವಿ. ಆ ತಂಡಗಳನ್ನು ನಮ್ಮ ನಡುಮನೆಗೇ ತಂದು ಕೂರಿಸಿದೆ. ಆದರೆ ನಮ್ಮ ದೇಶದಲ್ಲಿ ಈ ವಾದಕ್ಕೆ ಮೂರು ತಲೆಮಾರುಗಳ ವಯಸ್ಸಾಗಿದೆ. ಅದು ನಡೆದುಬಂದಿರುವುದು ಕಲ್ಕತ್ತಾ ಲೀಗ್‌ನ ಸುತ್ತ. 1898ರಲ್ಲಿ ಆರಂಭವಾದ ಈ ಲೀಗ್‌ನಲ್ಲಿ ಮೊಹಮ್ಮದನ್ ಸ್ಪೋರ್ಟಿಂಗ್, ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎಂಬ ಮೂರು ಕ್ಲಬ್‌ಗಳ ಅಭಿಮಾನಿಗಳು ತಂತಮ್ಮ ಸುವರ್ಣಯುಗವನ್ನು ಎತ್ತಿ ಹಿಡಿದು ಇಂದಿಗೂ ಜಗಳವಾಡುತ್ತಾರೆ. ಇದು ಬರೀ ಆಟದ ಮಾತು, ಇದರಲ್ಲಿ ನೀತಿಯ ಪ್ರಶ್ನೆ ಏನಿದೆ ಎಂದು ಕೆಲವರು ಕೇಳಬಹುದು. ಇದೆ ಎಂದೇ ನಾವು ಭಾವಿಸುತ್ತೇವೆ. ತನ್ನವರ ಬಗ್ಗೆ ತಾನೇ ಸಾಕ್ಷಿ ಹೇಳಬೇಕಾಗಿ ಬಂದಾಗ ಮನುಷ್ಯ ಎಷ್ಟು ಪ್ರಾಮಾಣಿಕನಾಗಿರಬಲ್ಲ ಎಂಬುದೇ ಆ ಪ್ರಶ್ನೆ.

ಮೊದಲು ವಾದಿಗಳ ಅಹವಾಲು ಕೇಳೋಣ. ಮೊಹಮ್ಮದನ್ ಅಭಿಮಾನಿ 1934ರಿಂದ 1938ರವರೆಗಿನ ಸತತ ಐದು ಪ್ರಶಸ್ತಿಗಳನ್ನು ಮುಂದಿಡುತ್ತಾನೆ. ಈಸ್ಟ್ ಬೆಂಗಾಲ್‌ನ ಹಿರಿಯ ತಲೆಗಳು 1949ರ ಆಸುಪಾಸಿನ ‘ಪಂಚ ಪಾಂಡವ’ರನ್ನು ನೆನೆದರೆ, ಅವರ ಮಕ್ಕಳು 1970ರಿಂದ 1975ರವರೆಗಿನ ಸತತ ಆರು ಗೆಲುವುಗಳನ್ನು ಲೆಕ್ಕ ಹಾಕುತ್ತಾರೆ. ಮೋಹನ್ ಬಾಗಾನ್‌ನವನು ಚುನಿ ಗೋಸ್ವಾಮಿಯವರ ಕಾಲದ, 1962ರಿಂದ 1965ರವರೆಗಿನ ನಾಲ್ಕು ಪ್ರಶಸ್ತಿಗಳ ಮಾತೆತ್ತುತ್ತಾನೆ. ವಾದದಲ್ಲಿ ಸೋಲುವ ಹಾಗೆ ಕಂಡರೆ ನೇರ 1911ಕ್ಕೆ ಜಿಗಿಯುತ್ತಾನೆ. ಒಬ್ಬನನ್ನು ಬಿಟ್ಟು ಉಳಿದೆಲ್ಲರೂ ಬರಿಗಾಲಲ್ಲಿ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಮಣಿಸಿದ ವರ್ಷ ಅದು. ಅದು ಲೀಗ್ ಅಲ್ಲ, ಐ.ಎಫ್.ಎ. ಷೀಲ್ಡ್ ಎಂದು ಯಾರಾದರೂ ನೆನಪಿಸಿದರೆ ಅವನಿಗೆ ಸಿಟ್ಟು ಬರುತ್ತದೆ.

1934ರ ಆಟವನ್ನು ಕಣ್ಣಾರೆ ಕಂಡು ವಿವರಿಸಬಲ್ಲವರು ಇಂದು ಇಲ್ಲವೆಂದೇ ಹೇಳಬೇಕು. ನಮಗೆ ಉಳಿದಿರುವುದು ಪತ್ರಿಕೆಗಳ ವರದಿ, ವಿಜೇತರ ಪಟ್ಟಿ, ಮತ್ತೆ ಅಜ್ಜ ಅಪ್ಪನಿಗೂ ಅಪ್ಪ ಮಗನಿಗೂ ಹೇಳುತ್ತ ಬಂದ ಮಾತು. ಆ ಮಾತು ಹೇಳಿದವನು ಅಭಿಮಾನಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಅವನಿಗೂ ಅನ್ವಯಿಸುತ್ತದೆ. ಮಗನ ಪರವಾಗಿ ತಂದೆ ನುಡಿಯುವ ಸಾಕ್ಷ್ಯವನ್ನು ಯಾವ ನ್ಯಾಯಾಧೀಶನೂ ತೂಗಿ ನೋಡದೆ ಒಪ್ಪುವುದಿಲ್ಲ. ಹಾಗೆಂದು ಅಭಿಮಾನಿಗಳನ್ನೆಲ್ಲ ಸಾಕ್ಷಿಕಟ್ಟೆಯಿಂದ ಕೆಳಗಿಳಿಸಿದರೆ ಏನಾದೀತು? ಹೇಳುವವರೇ ಉಳಿಯುವುದಿಲ್ಲ. ಯಾರೂ ಪ್ರೀತಿಸದ ತಂಡವನ್ನು ಯಾರೂ ನೆನಪಿಡುವುದಿಲ್ಲ. ನೆನಪನ್ನು ಕಾಪಾಡುವುದೂ ಪ್ರೀತಿಯೇ, ಅದನ್ನು ಕೆಡಿಸುವುದೂ ಪ್ರೀತಿಯೇ.

ಅಂಕಿಅಂಶಗಳು ಸುಳ್ಳು ಹೇಳುವುದಿಲ್ಲವಲ್ಲ, ಅವನ್ನೇ ನಂಬೋಣ ಎನ್ನುವವರಿದ್ದಾರೆ. ಈಸ್ಟ್ ಬೆಂಗಾಲ್ 2010ರಿಂದ 2017ರವರೆಗೆ ಸತತ ಎಂಟು ಸಲ ಕಲ್ಕತ್ತಾ ಲೀಗ್ ಗೆದ್ದಿತು. ಪಟ್ಟಿಯನ್ನೇ ನಂಬುವುದಾದರೆ ವಾದ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಎಂಟು ವರ್ಷಗಳ ತಂಡವನ್ನು ಸಾರ್ವಕಾಲಿಕ ಶ್ರೇಷ್ಠ ಎಂದು ಈಸ್ಟ್ ಬೆಂಗಾಲ್‌ನವರೇ ಕರೆಯುವುದು ಅಪರೂಪ. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು, 2014ರಲ್ಲಿ ಐ.ಎಸ್.ಎಲ್. ಬಂತು. ಕಲ್ಕತ್ತಾ ಲೀಗ್‌ನ ಹಳೆಯ ತೂಕ ಇಳಿಯಿತು. ಇತ್ತ ಹಿಂದಕ್ಕೆ ಹೋದರೂ ಅಷ್ಟೇ. 1925ರವರೆಗೆ ಮೊದಲ ಡಿವಿಜನ್‌ನಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ತಂಡಗಳು ಆಡುವಂತಿರಲಿಲ್ಲ. ಬಾಗಿಲು ಮುಚ್ಚಿಕೊಂಡು ಆಡಿದ ಆ ವರ್ಷಗಳ ವಿಜೇತರನ್ನು ಯಾವ ತಕ್ಕಡಿಯಲ್ಲಿ ತೂಗುವುದು? 1939ರಲ್ಲಿ ಮೋಹನ್ ಬಾಗಾನ್ ತನ್ನ ಮೊದಲ ಲೀಗ್ ಪ್ರಶಸ್ತಿ ಗೆದ್ದಿತು. ಅದೇ ವರ್ಷ ಮೊಹಮ್ಮದನ್, ಈಸ್ಟ್ ಬೆಂಗಾಲ್ ಮೊದಲಾದ ಕ್ಲಬ್‌ಗಳು ಸಂಘದೊಡನೆ ಜಗಳವಾಡಿ ಹೊರನಡೆದಿದ್ದವು. ಪಟ್ಟಿಯಲ್ಲಿ ಈ ಸಂಗತಿ ಕಾಣುವುದಿಲ್ಲ, ಬರೀ ಹೆಸರು ಕಾಣುತ್ತದೆ.

ಎಂಟು ಎಂಬ ಸಂಖ್ಯೆಗಿಂತ ಐದು ಎಂಬ ಸಂಖ್ಯೆ ದೊಡ್ಡದಾಗಬಹುದಾದರೆ ಅದಕ್ಕೆ ಕಾರಣ ಎದುರಾಳಿಗಳು. ಒಂದು ತಂಡದ ಎತ್ತರವನ್ನು ಅಳೆಯಲು ನಮಗಿರುವ ಅಳತೆಗೋಲು ಅದರ ಎದುರು ನಿಂತವರೇ. ತನ್ನ ತಂಡವನ್ನು ಹೊಗಳುವ ಭರದಲ್ಲಿ ಎದುರಾಳಿಯನ್ನು ಹೀಗಳೆಯುವ ಅಭಿಮಾನಿ ಇದನ್ನು ಮರೆಯುತ್ತಾನೆ. ಕೈಲಾಗದವರನ್ನು ಸೋಲಿಸಿದ್ದರಲ್ಲಿ ಹೆಚ್ಚುಗಾರಿಕೆ ಏನು ಬಂತು? ಎದುರಾಳಿಯ ಬಗ್ಗೆ ನ್ಯಾಯವಾಗಿ ಮಾತಾಡಬಲ್ಲವನು ತನ್ನವರ ಬಗ್ಗೆ ಹೇಳಿದಾಗ ಮಾತ್ರ ನಾವು ಕಿವಿಗೊಡಬೇಕು.

ಈ ಕಣ್ಣಿನಿಂದ ಮೊಹಮ್ಮದನ್ ಸ್ಪೋರ್ಟಿಂಗ್ ಕತೆಯನ್ನೇ ನೋಡೋಣ. 1891ರಲ್ಲಿ ಸ್ಥಾಪನೆಯಾದ ಕ್ಲಬ್ ಅದು. 1933ರಲ್ಲಿ ಎರಡನೇ ಡಿವಿಜನ್ ಗೆದ್ದು ಮೇಲಕ್ಕೆ ಬಂತು. ಮರುವರ್ಷವೇ, ಮೊದಲ ಡಿವಿಜನ್‌ನಲ್ಲಿ ಆಡಿದ ಮೊದಲ ಋತುವಿನಲ್ಲೇ ಪ್ರಶಸ್ತಿ ಎತ್ತಿತು. ಅದಕ್ಕೆ ಮುಂಚೆ ಯಾವ ಭಾರತೀಯ ತಂಡವೂ ಈ ಲೀಗ್ ಗೆದ್ದಿರಲಿಲ್ಲ. ಹಿಂದಿನ ಮೂರು ವರ್ಷ ಗೆದ್ದಿದ್ದು ಡರ್ಹಮ್ ಲೈಟ್ ಇನ್ಫೆಂಟ್ರಿ ಎಂಬ ಬ್ರಿಟಿಷ್ ಪಲ್ಟನ್. ಮುಂಗಾರಿನ ಮಳೆಯಲ್ಲಿ ಕೆಸರಾಗುವ ಮೈದಾನದಲ್ಲಿ ಬರಿಗಾಲಿನ ಭಾರತೀಯರು ಜಾರುತ್ತಿದ್ದರು, ಬೂಟು ತೊಟ್ಟ ಸೈನಿಕರು ನಿಲ್ಲುತ್ತಿದ್ದರು. ಮೊಹಮ್ಮದನ್ ಕ್ಲಬ್ ಮೈದಾನ ಒದ್ದೆಯಾದಾಗ ಬೂಟು ತೊಟ್ಟು ಆಡುವುದನ್ನು ರೂಢಿಸಿತು, ದೂರದ ಊರುಗಳಿಂದ ಪ್ರತಿಭಾವಂತರನ್ನು ಕರೆತಂದಿತು. 1936ರಲ್ಲಿ ಲೀಗ್ ಮತ್ತು ಷೀಲ್ಡ್ ಎರಡನ್ನೂ ಗೆದ್ದಿತು. ಅದೇ ವರ್ಷ ಈ ಕ್ಲಬ್‌ನ ಮೊಹಮ್ಮದ್ ಸಲೀಂ ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡದ ಪರ ಎರಡು ಪಂದ್ಯ ಆಡಿದರು. ಪಾದಕ್ಕೆ ಬರೀ ಬಟ್ಟೆಪಟ್ಟಿ ಸುತ್ತಿಕೊಂಡು ಆಡಿದ ಅವರನ್ನು ಅಲ್ಲಿನ ಪತ್ರಿಕೆಗಳು ಮೆಚ್ಚಿ ಬರೆದವು. ಕಲ್ಕತ್ತಾದ ಯಾವ ಕ್ಲಬ್‌ನೊಂದಿಗೂ ಲೇವಾದೇವಿ ಇಲ್ಲದವರ ಮಾತಾದ್ದರಿಂದ ಈ ಸಾಕ್ಷ್ಯಕ್ಕೆ ನಾವು ಹೆಚ್ಚು ಬೆಲೆ ಕೊಡುತ್ತೇವೆ.

ಆದರೆ ಮೊಹಮ್ಮದನ್ ಅಭಿಮಾನಿ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಅದನ್ನು ಅವನು ಸಾಮಾನ್ಯವಾಗಿ ಹೇಳುವುದಿಲ್ಲ. 1937ರಲ್ಲಿ, ಅಂದರೆ ಕೀರ್ತಿಯ ಉತ್ತುಂಗದಲ್ಲಿದ್ದಾಗಲೇ, ಬೊಂಬಾಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ ಆ ತಂಡ ಒಂದು ಗೋಲಿನಿಂದ ಸೋತಿತು. ಸೋಲಿಸಿದ್ದು ನಮ್ಮ ಬೆಂಗಳೂರಿನ ‘ಬೆಂಗಳೂರು ಮುಸ್ಲಿಮ್ಸ್’ ತಂಡ. ಸೈನಿಕರಲ್ಲದವರ ತಂಡವೊಂದು ರೋವರ್ಸ್ ಕಪ್ ಗೆದ್ದದ್ದು ಅದೇ ಮೊದಲು. ಮರುವರ್ಷ ಅದನ್ನು ಮತ್ತೆ ಗೆದ್ದುಕೊಂಡಿತು. ಕಲ್ಕತ್ತಾದ ಪತ್ರಿಕೆಗಳು ಮೊಹಮ್ಮದನ್‌ಗೆ ಕೊಟ್ಟ ಪ್ರಚಾರದ ಒಂದಂಶವೂ ಬೆಂಗಳೂರಿನ ಆ ತಂಡಕ್ಕೆ ಸಿಗಲಿಲ್ಲ. ಕನ್ನಡನಾಡಿನಲ್ಲೇ ಅದರ ಹೆಸರು ಕೇಳಿದವರು ಎಷ್ಟು ಮಂದಿ?

ಮೊಹಮ್ಮದನ್ ವಿರುದ್ಧ ಹಳೆಯ ಆಕ್ಷೇಪವೊಂದಿದೆ. ಅದು ಬಂಗಾಳದ ತಂಡವಲ್ಲ, ಹೊರಗಿನವರನ್ನು ತಂದು ಗೆದ್ದಿತು ಎಂಬುದು. ಈ ಆಕ್ಷೇಪ ಎತ್ತುವವರು ಈಸ್ಟ್ ಬೆಂಗಾಲ್‌ನ ಪಂಚ ಪಾಂಡವರು ಯಾರೆಂದು ಒಮ್ಮೆ ನೋಡಬೇಕು. ಅಹ್ಮದ್ ಖಾನ್, ಧನರಾಜ್, ಅಪ್ಪಾರಾವ್, ವೆಂಕಟೇಶ್, ಸಾಲೆ. ಐವರೂ ದಕ್ಷಿಣ ಭಾರತದವರು. ಅಹ್ಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನವರು. ಈಸ್ಟ್ ಬೆಂಗಾಲ್ ಎಂದರೆ ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಪೂರ್ವ ಬಂಗಾಳದಿಂದ ಓಡಿಬಂದವರ ಕ್ಲಬ್. ಕೋಮುಗಲಭೆಯ ಗಾಯ ಇನ್ನೂ ಹಸಿಯಾಗಿದ್ದ 1949ರಲ್ಲಿ ಲೀಗ್, ಷೀಲ್ಡ್, ರೋವರ್ಸ್ ಮೂರನ್ನೂ ಗೆದ್ದು ಆ ನಿರಾಶ್ರಿತರಿಗೆ ತಲೆಯೆತ್ತಿ ನಡೆಯುವ ಧೈರ್ಯ ಕೊಟ್ಟ ಐವರಲ್ಲಿ ಇಬ್ಬರು ಮುಸಲ್ಮಾನರು. ಜನ ಅವರನ್ನು ಪ್ರೀತಿಯಿಂದ ಪಾಂಡವರೆಂದೇ ಕರೆದರು. ಅಹ್ಮದ್ ಖಾನ್ ಹತ್ತು ವರ್ಷ ಅಲ್ಲೇ ಆಡಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ ಹತ್ತು ಗೋಲು ತಿಂದಾಗ ನಮ್ಮ ಕಡೆಯ ಏಕೈಕ ಗೋಲು ಹೊಡೆದವರು ಅವರೇ. 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಇಷ್ಟಾದ ಮೇಲೂ ನಮ್ಮವರು, ಹೊರಗಿನವರು ಎಂಬ ಮಾತಿಗೆ ಅರ್ಥವಿದೆಯೇ? 1970ರ ದಶಕಕ್ಕೆ ಬಂದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಹೈದರಾಬಾದಿನ ಮೊಹಮ್ಮದ್ ಹಬೀಬ್ ಮೂರೂ ಕ್ಲಬ್‌ಗಳ ಪರ ಆಡಿದರು. ಈಸ್ಟ್ ಬೆಂಗಾಲ್‌ನ ಆರು ಪ್ರಶಸ್ತಿಗಳಲ್ಲಿ ಕೊನೆಯ ನಾಲ್ಕರ ತರಬೇತುದಾರ ಪಿ.ಕೆ. ಬ್ಯಾನರ್ಜಿ 1976ರಲ್ಲಿ ಮೋಹನ್ ಬಾಗಾನ್‌ಗೆ ಹೋದರು. ಆಟಗಾರರಿಗೆ ಇಲ್ಲದ ಹಗೆಯನ್ನು ನೋಡುಗರು ಹೊತ್ತು ತಿರುಗುತ್ತಾರೆ.

ಆ ಹಗೆ ಎಲ್ಲಿಗೆ ಮುಟ್ಟಬಹುದು ಎಂಬುದನ್ನೂ ಕಲ್ಕತ್ತಾ ಕಂಡಿದೆ. 1975ರ ಷೀಲ್ಡ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ಐದು ಗೋಲುಗಳಿಂದ ಈಸ್ಟ್ ಬೆಂಗಾಲ್‌ಗೆ ಸೋತಾಗ ಬಾಗಾನ್‌ನ ಯುವ ಅಭಿಮಾನಿಯೊಬ್ಬ ಪ್ರಾಣ ಕಳೆದುಕೊಂಡ. ಮುಂದಿನ ಜನ್ಮದಲ್ಲಿ ಆಟಗಾರನಾಗಿ ಹುಟ್ಟಿ ಸೇಡು ತೀರಿಸಿಕೊಳ್ಳುತ್ತೇನೆ ಎಂಬರ್ಥದ ಚೀಟಿ ಬರೆದಿಟ್ಟಿದ್ದ ಎನ್ನುತ್ತಾರೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಲೀಗ್ ಪಂದ್ಯ ನಡೆಯುತ್ತಿದ್ದಾಗ ಗ್ಯಾಲರಿಯಲ್ಲಿ ಹೊಡೆದಾಟವಾಗಿ, ನೂಕುನುಗ್ಗಲಿನಲ್ಲಿ 16 ಜನ ಸತ್ತರು. ಅವರೆಲ್ಲ ಫುಟ್ಬಾಲ್ ನೋಡಲು ಬಂದವರು. ಅಂದು ಸಂಜೆ ಮನೆಗೆ ಹೋಗಿ ಊಟ ಮಾಡಬೇಕಿದ್ದವರು. ಯಾರ ತಂಡ ದೊಡ್ಡದು ಎಂಬ ಮಾತು, ಸೋತೆವು ಎಂದು ಒಪ್ಪಿಕೊಳ್ಳುವ ಶಕ್ತಿ ಇಲ್ಲದವರ ಬಾಯಿಗೆ ಬಿದ್ದರೆ ವಾದವಾಗಿ ಉಳಿಯುವುದಿಲ್ಲ.

ನಮ್ಮ ಸಮುದಾಯದವರು ಇಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. 1930ರ ದಶಕದಲ್ಲಿ ಮೊಹಮ್ಮದನ್ ಗೆಲುವು ದೇಶದ ಉದ್ದಗಲದ ಮುಸಲ್ಮಾನರಿಗೆ ಹಬ್ಬವಾಗಿತ್ತು. ಅದು ಸಹಜ. ಆದರೆ ಕ್ಲಬ್‌ನ ಪದಾಧಿಕಾರಿಗಳಲ್ಲಿ ಮುಸ್ಲಿಂ ಲೀಗ್ ನಾಯಕರೂ ಇದ್ದರು, ಆಟದ ಸಂಭ್ರಮ ರಾಜಕೀಯದ ಲೆಕ್ಕಕ್ಕೂ ಜಮೆಯಾಯಿತು. ಆಗ ಬ್ರಿಟಿಷ್ ಪಲ್ಟನ್‌ಗಳನ್ನು ಸೋಲಿಸಿದ ತಂಡವನ್ನು ಭಾರತೀಯರ ತಂಡವೆಂದು ಕಾಣಬೇಕಿದ್ದವರಲ್ಲಿ ಹಲವರು ಒಂದು ಕೋಮಿನ ತಂಡವೆಂದು ಕಂಡರು. ನಮ್ಮವರಲ್ಲೂ ಹಲವರು ಹಾಗೆಯೇ ಕಂಡರು. ಎರಡೂ ಕಡೆ ಆಟಕ್ಕಿಂತ ಹೆಸರು ದೊಡ್ಡದಾಯಿತು. ಆದ್ದರಿಂದ ನಾವು ನಮಗೇ ಒಂದು ಪರೀಕ್ಷೆ ಹಾಕಿಕೊಳ್ಳುವುದು ಒಳಿತು. ಆ ತಂಡದ ಹೆಸರನ್ನು ಅಳಿಸಿ, ಅಂಗಿಯ ಬಣ್ಣವನ್ನು ಅಳಿಸಿ, ಬರೀ ಏನು ಮಾಡಿತು, ಯಾರ ಎದುರು ಮಾಡಿತು, ಎಂಥ ಅನುಕೂಲಗಳಲ್ಲಿ ಮಾಡಿತು ಎಂಬುದನ್ನು ಮುಂದಿಟ್ಟುಕೊಂಡರೆ ಆಗಲೂ ಇದೇ ತೀರ್ಪು ಕೊಡುತ್ತೇವೆಯೇ?

ಈ ಪರೀಕ್ಷೆಯ ನಂತರವೂ ನಮ್ಮ ಮತ 1934–38ರ ತಂಡಕ್ಕೇ. ಓದುಗರು ಕೇಳಿದರೆ ನುಣುಚಿಕೊಳ್ಳುವುದು ಸರಿಯಲ್ಲವಾದ್ದರಿಂದ ಹೇಳಿಬಿಡುತ್ತೇವೆ. ಆದರೆ ಶ್ರೇಷ್ಠ ಎಂಬ ಪದಕ್ಕೆ ಇಲ್ಲಿ ಎರಡು ಅರ್ಥಗಳಿವೆ ಎಂಬುದನ್ನು ಮರೆಯಬಾರದು. ಎದುರುಬದುರು ಆಡಿಸಿದರೆ ಯಾರು ಗೆಲ್ಲುತ್ತಿದ್ದರು ಎಂಬುದು ಒಂದು. ಆ ಅರ್ಥದಲ್ಲಿ 1975ರ ಈಸ್ಟ್ ಬೆಂಗಾಲ್ 1935ರ ಮೊಹಮ್ಮದನ್ನನ್ನು ಸುಲಭವಾಗಿ ಸೋಲಿಸಿದ್ದೀತು. ಊಟ, ತರಬೇತಿ, ತಂತ್ರ ಎಲ್ಲವೂ ಬದಲಾಗಿದ್ದವು. ಹೀಗೆ ಅಳೆದರೆ ಇಂದಿನವನೇ ಎಂದೂ ದೊಡ್ಡವನು, ಸತ್ತವರಿಗೆ ನ್ಯಾಯವೇ ಸಿಗುವುದಿಲ್ಲ. ಇದ್ದ ಪರಿಸ್ಥಿತಿಯಲ್ಲಿ ಯಾರು ಹೆಚ್ಚು ದೂರ ಕ್ರಮಿಸಿದರು ಎಂಬುದು ಇನ್ನೊಂದು ಅರ್ಥ. ಯಾವ ಭಾರತೀಯ ತಂಡವೂ ಒಮ್ಮೆಯೂ ಗೆಲ್ಲದಿದ್ದ ಲೀಗನ್ನು ಐದು ಬಾರಿ ಬಿಡದೆ ಗೆದ್ದವರು ಈ ಲೆಕ್ಕದಲ್ಲಿ ಮುಂದಿದ್ದಾರೆ. ಅಹ್ಮದ್ ಖಾನ್‌ರ ತಂಡವೇ ದೊಡ್ಡದು ಎಂದು ಯಾರಾದರೂ ಹೇಳಿದರೆ ನಾವು ಹೆಚ್ಚು ಹಟ ಹಿಡಿಯಲಾರೆವು. ಪಲ್ಟನ್‌ಗಳು ಆಗಾಗ ವರ್ಗವಾಗಿ ಹೋಗುತ್ತಿದ್ದವು, ಆದ್ದರಿಂದ ಮೊಹಮ್ಮದನ್‌ನ ಎದುರಾಳಿಗಳ ಬಲ ಒಂದೇ ಸಮನಾಗಿರಲಿಲ್ಲ ಎಂಬ ಅವರ ಮಾತಿನಲ್ಲಿ ಹುರುಳಿದೆ.

ಈ ಎಲ್ಲ ಗದ್ದಲದಲ್ಲಿ ಯಾರ ಬಾಯಲ್ಲೂ ಬಾರದ ತಂಡವೊಂದಿದೆ. 1958ರಲ್ಲಿ ಕಲ್ಕತ್ತಾ ಲೀಗ್ ಗೆದ್ದದ್ದು ಮೂರು ದೊಡ್ಡ ಕ್ಲಬ್‌ಗಳಲ್ಲಿ ಯಾವುದೂ ಅಲ್ಲ, ಈಸ್ಟರ್ನ್ ರೈಲ್ವೆ. ರೈಲ್ವೆ ನೌಕರರ ತಂಡ. ಮುಂದೆ ಈಸ್ಟ್ ಬೆಂಗಾಲ್‌ಗೂ ಮೋಹನ್ ಬಾಗಾನ್‌ಗೂ ತರಬೇತಿ ಕೊಟ್ಟ ಪಿ.ಕೆ. ಬ್ಯಾನರ್ಜಿ ಆಟಗಾರನಾಗಿ ಮೂರರಲ್ಲಿ ಯಾವುದಕ್ಕೂ ಹೋಗದೆ ಕೊನೆಯವರೆಗೂ ಆಡಿದ್ದು ಈ ತಂಡಕ್ಕೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾಗಿದ್ದಾಗಲೂ ಅವರು ರೈಲ್ವೆಯವರೇ. ಆ ಮೂರರ ಹೊರಗಿನ ಇನ್ನೊಂದು ತಂಡ, ಪಿಯರ್‌ಲೆಸ್, ಈ ಲೀಗ್ ಗೆಲ್ಲಲು 2019ರವರೆಗೆ, ಅಂದರೆ 61 ವರ್ಷ ಕಾಯಬೇಕಾಯಿತು. ಈಸ್ಟರ್ನ್ ರೈಲ್ವೆಗಾಗಿ ಗ್ಯಾಲರಿಯಲ್ಲಿ ಹೊಡೆದಾಡುವ ಒಂದು ಊರಿರಲಿಲ್ಲ, ಒಂದು ಸಮುದಾಯವಿರಲಿಲ್ಲ, ನಿರಾಶ್ರಿತರ ಕಾಲೊನಿ ಇರಲಿಲ್ಲ. ಶ್ರೇಷ್ಠ ತಂಡಗಳ ವಾದದಲ್ಲಿ ಪಿ.ಕೆ. ಹೆಸರು ಬಂದಾಗಲೆಲ್ಲ ಅದು ಬರುವುದು ಈಸ್ಟ್ ಬೆಂಗಾಲ್‌ನ ತರಬೇತುದಾರನಾಗಿ.