ಹೆಸರೂ ರುಚಿಯೂ

ಪದಾರ್ಥವೊಂದರ ಗುಣವನ್ನು ನಿರ್ಣಯಿಸುವಾಗ ನಾಲಗೆಯನ್ನು ನಂಬಬೇಕೋ, ಹೆಸರನ್ನು ನಂಬಬೇಕೋ? ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾಗಿ ಕಂಡರೂ, ವಿಚಾರಿಸಿದರೆ ನ್ಯಾಯಾನ್ಯಾಯಗಳ ಪ್ರಶ್ನೆಯೇ ಆಗಿದೆ.

ಚನ್ನಗಿರಿ ಸೀಮೆಯವರಿಗೆ ಒಗರಿನ ಪರಿಚಯವನ್ನು ಬೇರೆ ಹೇಳಬೇಕಾದುದಿಲ್ಲ. ಎಳೆಯ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ, ಕೆಂಪಡಿಕೆ ಮಾಡುವ ಮನೆಗಳಲ್ಲಿ ಬಣ್ಣವನ್ನು ನೋಡಿ, ಅಡಕತ್ತರಿಯಿಂದ ಕೊಯ್ದು ಗುಣವನ್ನು ಹೇಳುವವರುಂಟು. ಕೆಂಪು ದ್ರಾಕ್ಷಾಮದ್ಯದಲ್ಲಿ ಪರೀಕ್ಷಕರು ಅರಸುವ ಗುಣಗಳಲ್ಲೊಂದು ಈ ಒಗರೇ. ಆಯುರ್ವೇದವು ಷಡ್ರಸಗಳಲ್ಲಿ ಕಷಾಯವೆಂದು ಎಣಿಸಿದ್ದು ಇದನ್ನೇ. ಅಡಿಕೆಯಲ್ಲಿಯೂ ದ್ರಾಕ್ಷಿಯ ಸಿಪ್ಪೆ ಬೀಜಗಳಲ್ಲಿಯೂ ಇರುವ ಟ್ಯಾನಿನ್ ಎಂಬ ದ್ರವ್ಯವು ಇದಕ್ಕೆ ಕಾರಣ. ಕೆಂಪು ಮದ್ಯವನ್ನು ಸಿಪ್ಪೆಸಹಿತವಾಗಿ ಹುದುಗಿಸುವುದರಿಂದ ಬಣ್ಣವೂ ಒಗರೂ ಒಟ್ಟಿಗೆ ಇಳಿಯುತ್ತವೆ. ಅಡಿಕೆ, ಮದ್ಯ ಇವೆರಡರ ಸೇವನೆಯಿಂದಲೂ ಅರ್ಬುದರೋಗದ ಭಯವುಂಟೆಂದು ವೈದ್ಯಶಾಸ್ತ್ರವು ಸಾರಿದೆ. ಆದಕಾರಣ ಇಲ್ಲಿಯ ವಿಚಾರವು ಸೇವಿಸಬೇಕೆಂಬುದಲ್ಲ. ಪರೀಕ್ಷಿಸುವ ಬುದ್ಧಿಯು ಹೇಗಿರಬೇಕೆಂಬುದು.

ದ್ರಾಕ್ಷಾಮದ್ಯವೆಂದರೆ ಫ್ರಾನ್ಸ್ ದೇಶದ್ದೇ ಎಂಬ ಪ್ರಸಿದ್ಧಿ ಬಹುಕಾಲದ್ದು. 1976ನೆಯ ಇಸವಿ ಮೇ 24ರಂದು ಪ್ಯಾರಿಸ್ ನಗರದಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವರ್ತಕನು ಸೀಸೆಗಳ ಹೆಸರನ್ನು ಮರೆಮಾಡಿ, ಫ್ರಾನ್ಸಿನ ಮದ್ಯಗಳ ಜತೆಯಲ್ಲಿ ಕ್ಯಾಲಿಫೋರ್ನಿಯದವನ್ನೂ ಇರಿಸಿ, ಒಂಬತ್ತು ಮಂದಿ ಫ್ರೆಂಚ್ ಪರೀಕ್ಷಕರ ಮುಂದಿಟ್ಟನು. ಕೆಂಪಿನಲ್ಲಿಯೂ ಬಿಳಿಯದರಲ್ಲಿಯೂ ಪ್ರಥಮಸ್ಥಾನವು ಕ್ಯಾಲಿಫೋರ್ನಿಯದ ಪಾಲಾಯಿತು. ಹೆಸರು ಕಾಣದಿದ್ದಾಗ ನಾಲಗೆಯು ಸತ್ಯವನ್ನು ನುಡಿಯಿತು.

ದೂರದ ಮಾತೇಕೆ? ಕನ್ನಡನಾಡಿನಲ್ಲಿಯೇ ನಂದಿಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಗ್ರೋವರ್ ಅವರ ದ್ರಾಕ್ಷಿತೋಟವು ಸ್ಥಾಪಿತವಾಯಿತು. 2007ರಲ್ಲಿ ರಾಜ್ಯಸರಕಾರವು ವೈನ್ ನೀತಿಯೊಂದನ್ನು ಗೊತ್ತುಮಾಡಿತು. ಔತಣವೊಂದರಲ್ಲಿ ಅತಿಥಿಯೊಬ್ಬನು ಇಂಥ ಕೆಂಪು ಮದ್ಯವನ್ನು ಮೆಚ್ಚಿ, ಅದು ಇಲ್ಲಿಯದು, ಬೆಲೆಯೂ ಅಗ್ಗವೆಂದು ಕೇಳಿದೊಡನೆ ಮೆಚ್ಚಿಗೆಯನ್ನು ಹಿಂತೆಗೆದುಕೊಂಡನೆಂದು ಭಾವಿಸೋಣ. ಬಟ್ಟಲಿನಲ್ಲಿದ್ದುದು ಬದಲಾಗಲಿಲ್ಲ, ಬದಲಾದುದು ಅವನ ಸಾಕ್ಷಿ. ಬೆಳೆದವನ ಶ್ರಮಕ್ಕೆ ಸಲ್ಲಬೇಕಾದುದು ಅಲ್ಲಿ ಸಲ್ಲದೆ ಹೋಯಿತು.

ಹೆಸರೂ ಒಂದು ಪ್ರಮಾಣವಲ್ಲವೆ, ಅನೇಕರ ಅನುಭವವು ಕೂಡಿಯೇ ಪ್ರಸಿದ್ಧಿಯಾಗುವುದಲ್ಲವೆ ಎಂದು ಆಕ್ಷೇಪಿಸಬಹುದು. ಹೌದು, ಆಪ್ತವಾಕ್ಯಕ್ಕೆ ಶಾಸ್ತ್ರದಲ್ಲಿ ಸ್ಥಾನವುಂಟು. ಪ್ರತ್ಯಕ್ಷವೂ ತಪ್ಪಬಹುದು, ಪಿತ್ತರೋಗಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುವುದೆಂಬ ದೃಷ್ಟಾಂತವು ಪ್ರಸಿದ್ಧವಾದುದೇ. ಆದರೆ ಪ್ರಸಿದ್ಧಿಯೂ ಒಮ್ಮೊಮ್ಮೆ ಆ ಪಿತ್ತವೇ ಆಗಿಬಿಡುತ್ತದೆ. ಯಾವುದನ್ನು ಪರೀಕ್ಷಿಸಬೇಕೆಂದು ತೋರಿಸುವವರೆಗೆ ಹೆಸರು ಉಪಕಾರಿ. ಪರೀಕ್ಷೆಯಾದ ಬಳಿಕವೂ ತೀರ್ಪನ್ನು ತಿದ್ದಲು ಬಂದರೆ ಅದು ಅಪಕಾರಿ. ಕಾಳಿದಾಸನಂಥವನೂ ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ, ಭಾಸಾದಿಗಳಿರುವಾಗ ಈ ಹೊಸಬನ ನಾಟಕವೇಕೆಂಬ ಪ್ರಶ್ನೆಗೆ ಉತ್ತರ ಕೊಡಿಸಬೇಕಾಯಿತು.

ಸಾರ್ವಜನಿಕ ಪರೀಕ್ಷೆಗಳಲ್ಲಿ ವಿದ್ಯಾರ್ಥಿಯ ಹೆಸರನ್ನು ಮರೆಮಾಡಿ ಉತ್ತರಪತ್ರಿಕೆಗೆ ಸಂಖ್ಯೆಯನ್ನು ಕೊಡುವುದು ಈ ಕಾರಣದಿಂದಲೇ. ದೊಡ್ಡ ಮನೆತನದವನಾಗಲಿ, ಹಳ್ಳಿಯ ಬಡವನ ಮಗನಾಗಲಿ, ಅಲ್ಲಿ ಬರಹಕ್ಕೆ ಮಾತ್ರ ಬೆಲೆ. ತನ್ನ ಅಡಿಕೆಯನ್ನು ಊರಿನ ಹೆಸರಿನಿಂದಳೆಯದೆ ಕೊಯ್ದು ನೋಡಿ ಬೆಲೆ ಕಟ್ಟಲೆಂದು ಬಯಸುವ ಚನ್ನಗಿರಿಯ ಬೆಳೆಗಾರನು, ನಂದಿಯ ದ್ರಾಕ್ಷಿ ಬೆಳೆಗಾರನಿಗೂ ಅದೇ ನ್ಯಾಯವನ್ನು ಸಲ್ಲಿಸುವುದು ಯುಕ್ತ. ಮನುಷ್ಯರ ವಿಷಯದಲ್ಲಿಯಂತೂ ಇದನ್ನು ಮರೆಯಲೇಬಾರದು.